ಎರಡನೆಯ ಎಲೆ

ಎಲೆಗೆ ನೀರು ಚಿಮುಕಿಸಿ ಒರೆಸಿ ಆಗಿತ್ತು. ಅಷ್ಟರಲ್ಲಿ ಎರಡು ಕೈಗಳು ಮಲ್ಲಪ್ಪನ ಕಂಕುಳಿಗೆ ಹೊಕ್ಕು ಅವನನ್ನು ಆಲೂಗಡ್ಡೆ ಮೂಟೆಯಂತೆ ಮೇಲೆತ್ತಿದವು.

"ನಿಂಗೇನ್ಲಾ ಅವಸ್ರ? ಮನೇಲಿ ಎಂಡ್ರು ಮಕ್ಳು ಕಾಯ್ತಾವ್ರಾ? ಬಡ್ಸು ನಡಿ," ಎಂದ ವೃಷಭೇಂದ್ರ, ತಾಳವಾಡಿ ಮೂಟೆ ಹೊರುವವರ ಸಂಘದ ಅಧ್ಯಕ್ಷ. ಅವನನ್ನು ನಿಲ್ಲಿಸಿದ ಕೂಡಲೇ ಆ ಕೈ ಹೊಸ ಮೊಬೈಲಿಗೆ ಸಿಗ್ನಲ್ ಹುಡುಕತೊಡಗಿತು.

ವರ್ಷಕ್ಕೊಮ್ಮೆ ಶನಿವಾರ ನಡೆಯುವ ಈ ಕೂಟಕ್ಕೆ ಮಲ್ಲಪ್ಪ ಬರುತ್ತಿದ್ದುದೇ ಪಂಕ್ತಿಗಾಗಿ. ದಿನವೂ ಒಬ್ಬನೇ ಬೇಯಿಸಿ ಗೋಡೆ ನೋಡುತ್ತ ಉಣ್ಣುವವನಿಗೆ, ಪಕ್ಕದಲ್ಲೊಬ್ಬ ಸೊರ್ರೆಂದು ಸಾರು ಹೀರುವ ಸದ್ದು ಕೇಳಬೇಕಿತ್ತು. ಆದರೆ ಒಂಟಿ ಆಳೆಂದು ಬಡಿಸುವ ಕೆಲಸ ಪ್ರತಿಸಲವೂ ಅವನ ತಲೆಗೇ. ಬಡಿಸಿದವನ ಊಟ ಕೊನೆಗೆ, ಒಬ್ಬನೇ.

ಈ ಸಲ ಅವನು ಅನ್ನದ ಕೊಳಗದ ಮುಂದೆ ಕೈಕಟ್ಟಿ ನಿಂತ. ಬೆಳಿಗ್ಗೆ ತಾನೇ ಸಂಘ ಠರಾವು ಮಾಡಿತ್ತು: ಯಾವ ಹೊರೆಯನ್ನೂ ಒಬ್ಬನೇ ಎತ್ತಕೂಡದು.

"ಇದೂ ಒರೆನೇ, ತಲೈವರೇ. ಇನ್ನೊಬ್ಬ ಬೇಕು."

ಪಂಕ್ತಿಯವರು ಬರಿ ಎಲೆ ನೋಡಿಕೊಂಡರು. ತನ್ನ ಠರಾವನ್ನು ತಾನೇ ನುಂಗಲಾರದೆ ವೃಷಭೇಂದ್ರ ಮುಳ್ಳು ಸಿಕ್ಕವನಂತೆ ಕೆಮ್ಮಿದ. ಆಗ ಪಂಕ್ತಿಯಲ್ಲಿದ್ದ ಹಾಸನೂರಿನ ಸದಸ್ಯರು ಪಿಸುಗುಟ್ಟಿಕೊಂಡು, ಹೋದ ತಿಂಗಳು ತಮ್ಮ ಕಡೆಯಿಂದ ಸಂಘ ಸೇರಿದ್ದ ಚನ್ನಯ್ಯನ ಹೆಸರು ಹೇಳಿದರು. ಯಾವ ಮತಕ್ಕೂ ಏಳದ ಅವರ ಕೈಗಳು ಒಮ್ಮೆಗೇ ಎದ್ದವು. ಪಂಕ್ತಿಗೆ ಕೂರದೆ ಹುಣಸೆ ಮರಕ್ಕೊರಗಿದ್ದ ಚನ್ನಯ್ಯನೂ ಗೊಣಗದೆ ಬಂದು ಕೊಳಗದ ಇನ್ನೊಂದು ಕಿವಿ ಹಿಡಿದ.

ಮಲ್ಲಪ್ಪ ಮದುವೆ ಮನೆಯವನಂತೆ ಬಡಿಸಿದ. ನಡುವೆ ಎರಡು ಹಪ್ಪಳ ತೆಗೆದು ಮುಚ್ಚಿಟ್ಟದ್ದು ಅಡುಗೆಯ ಪುಟ್ಟನಂಜಮ್ಮನ ಕಣ್ಣಿಗೆ ಬಿತ್ತು.

"ಎಲ್ಡ್ಯಾಕಪ್ಪ?"

"ಒಂದು ನನ್ ಜೊತೆಗಾರ್ನಿಗೆ ಕಣಮ್ಮ."

ಆ ಮಾತು ಅವನ ಬಾಯಿಗೇ ಹೊಸದು. ಹಾಸನೂರಿನ ಪುಟ್ಟನಂಜಮ್ಮ ಏನೋ ಹೇಳಹೋಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಾತ್ರೆ ತಿಕ್ಕತೊಡಗಿದಳು.

ಉಂಡವರೆಲ್ಲ ಬಸ್ಸಿನತ್ತ ನಡೆದರು. ಮಲ್ಲಪ್ಪ ಎರಡು ಎಲೆಗಳನ್ನು ಅಂಚಿಗೆ ಅಂಚು ತಾಗಿಸಿ ಹಾಸಿ, ಒಳ್ಳೆಯ ಹಪ್ಪಳವನ್ನು ಆಚೆಯ ಎಲೆಗಿಟ್ಟ.

"ಬಾ ತಮ್ಮ, ಕೂತ್ಕೊ."

ಚನ್ನಯ್ಯ ಟವೆಲಿಗೆ ಕೈ ಒರೆಸಿಕೊಂಡು ಬಿಸಿಲು ನೋಡಿದ.

"ಸನ್ವಾರ ನಂದು ಒಪ್ಪತ್ತು ಕಣಣ್ಣ. ಒತ್ತು ಮುಳ್ಗೋಗಂಟ ಏನೂ ಮುಟ್ಟಕಿಲ್ಲ. ಅದ್ಕೇ ತಾನೆ ನಮ್ಮೂರೋರೆಲ್ಲ ನನ್ನೆಸ್ರೇ ಯೋಳುದ್ದು?"

ಬಸ್ಸು ಹಾರನ್ ಹೊಡೆಯಿತು. ಮಲ್ಲಪ್ಪ ಹಪ್ಪಳವನ್ನು ಎತ್ತಿ ಅವನತ್ತ ಚಾಚಿದ.

"ತಿನ್ಬ್ಯಾಡ. ಪಕ್ಕದಲ್ಲಿ ಕೂತು ಮುರಿ ಸಾಕು. ಸದ್ದಾದ್ರೂ ಬರ್ಲಿ."

"ಒಲ್ಲೆ, ಮುರುದ್ರೂ ಮುಟ್ದಂಗೇ," ಎಂದ ಚನ್ನಯ್ಯ.