ಇಲ್ಲದ ಪಿಕಪ್ ಎಳೆದ ಕ್ರೇನ್

ಇಪ್ಪತ್ತು ವರ್ಷ ದಾಟಿದ ಪಿಕಪ್ ವಾಹನಕ್ಕೆ ಭಾರ ಎಳೆಯುವ ಶಕ್ತಿ ಇರುವುದಿಲ್ಲ ಎಂದು ವಿಜಯಪುರದ ಹಳೆ ವಾಹನ ನಿವೃತ್ತಿ ಕೋಶವು ಸರ್ವಾನುಮತದಿಂದ ತೀರ್ಮಾನಿಸಿತು. ಅಂಥವನ್ನು ಹಿಡಿದು ತೊರವಿ ಹೊರಗಿನ ಗುಜರಿ ಅಂಗಳಕ್ಕೆ ಎಳೆದು ತರಲು ಹೊಸ ಕ್ರೇನ್ ಒಂದನ್ನು ತರಿಸಲಾಯಿತು.

ಮೊದಲು ಸಿಕ್ಕಿದ್ದು ತಿಕೋಟಾದ ಯಲ್ಲಾಲಿಂಗನ ಪಿಕಪ್. ಗಾಡಿಯ ವಯಸ್ಸು ಇಪ್ಪತ್ತಮೂರು. ಅಂದು ಬೆಳಿಗ್ಗೆ ಅದು ಕಾಳು ಒಕ್ಕುವ ರಾಶಿ ಮಷಿನ್ ಒಂದನ್ನು ಹಿಂದೆ ಕಟ್ಟಿಕೊಂಡು ಬಬಲೇಶ್ವರಕ್ಕೆ ಹೊರಟಿತ್ತು. ಮಷಿನ್ ಒಯ್ಯಲು ಬಂದಿದ್ದ ರಾಚವ್ವ ಮುಂದಿನ ಸೀಟಿನಲ್ಲಿ ಕೂತಿದ್ದಳು. ಅವಳ ತೊಗರಿ ಕೊಯ್ದು ಹೊಲದಲ್ಲೇ ಬಿದ್ದಿತ್ತು, ಮೋಡ ಕಟ್ಟಿತ್ತು. ಊರು ದಾಟುವ ಮುನ್ನವೇ ತಪಾಸಣಾಧಿಕಾರಿ ನಂದಕಿಶೋರ ಕೈ ಅಡ್ಡ ಮಾಡಿದರು.

“ಈ ಗಾಡಿಗೆ ಭಾರ ಎಳಿಯೂ ಶಕ್ತಿ ಇಲ್ಲ.”

“ಸಾಹೇಬ್ರ, ಹಿಂದ ನೋಡ್ರಿ. ಎಳಕೊಂಡ ಬಂದೇನಿ,” ಎಂದ ಯಲ್ಲಾಲಿಂಗ.

“ಅದು ನಿಮ್ಮ ವೈಯಕ್ತಿಕ ಅನುಭವ. ಕೋಶಕ್ಕ ಸಂಬಂಧ ಇಲ್ಲ.”

ರಾಚವ್ವ ಇಳಿಯಲಿಲ್ಲ. “ಮಳಿ ಬಿದ್ರ ತೊಗರಿ ಮೊಳಕಿ ಒಡಿತೈತ್ರಿ. ರಾಶಿ ಆಗೂ ತನಕ ನಾ ಈ ಮಷಿನ್ ಬಿಟ್ಟ ಹೋಗಂಗಿಲ್ಲ.” ಹೀಗಾಗಿ ಜಪ್ತಿ ಪಟ್ಟಿಯಲ್ಲಿ ‘ಪಿಕಪ್ ಒಂದು, ರಾಶಿ ಮಷಿನ್ ಒಂದು, ಹಿರಿಯ ಮಹಿಳೆ ಒಬ್ಬರು’ ಎಂದು ನಮೂದಾಯಿತು.

ಕ್ರೇನ್ ಪಿಕಪ್ಪಿನ ಮೂತಿ ಎತ್ತಿ, ನೂರು ಹೆಜ್ಜೆ ಹೋಗಿ, ನಿಂತುಬಿಟ್ಟಿತು. ಅದರ ಚಾಲಕ ಕುತುಬುದ್ದೀನ ಇಳಿದು ಬಂದ. “ಹೊಸಾ ಗಾಡಿ ಐತ್ರಿ ಸಾಹೇಬ್ರ, ಒಳಗ ಕಂಪ್ಯೂಟರ್ ಐತಿ. ಭಾರ ಹೆಚ್ಚಾತು, ಇನ್ನ ಒಂದ ಹೆಜ್ಜಿ ಮುಂದ ಹೋಗಂಗಿಲ್ಲ ಅಂತೈತಿ.”

ಮೇಲಧಿಕಾರಿ ಸುಧಾರಾಣಿಯವರು ಹನ್ನೊಂದಕ್ಕೆ ಅಂಗಳಕ್ಕೆ ಬರುವವರಿದ್ದರು. ನಂದಕಿಶೋರರ ಮುಖ ನೋಡಲಾಗದೆ ಯಲ್ಲಾಲಿಂಗನೇ ಸರಪಳಿ ತಂದ. ಪಿಕಪ್ ಮುಂದೆ, ಕ್ರೇನ್ ನಡುವೆ, ಮಷಿನ್ ಕೊನೆಗೆ. ಜಪ್ತಿಯಾದ ಗಾಡಿಯನ್ನು ಮಾಲೀಕ ಓಡಿಸಬಾರದೆಂಬ ನಿಯಮ ಇದ್ದುದರಿಂದ ಅವನನ್ನು ಸ್ಟೇರಿಂಗ್ ಕಾವಲುಗಾರನೆಂದು ತಾತ್ಕಾಲಿಕವಾಗಿ ನೇಮಿಸಲಾಯಿತು. ಅಥಣಿ ರಸ್ತೆಯ ಮೇಲೆ ಈ ಸಾಲು ಎರಡನೇ ಗೇರಿನಲ್ಲಿ, ಒಂದು ಸಲವೂ ನಿಲ್ಲದೆ ಸಾಗಿತು.

“ಯಾವುದು ಯಾವುದನ್ನ ತಂತು?” ಎಂದು ಸುಧಾರಾಣಿ ಕೇಳಿದರು.

“ಕ್ರೇನ್ ಪಿಕಪ್ ತಂತ್ರಿ ಮೇಡಂ,” ಎಂದರು ನಂದಕಿಶೋರ. “ಜಪ್ತಿ ಮಾಡಿದ್ದು ಕಣ್ಣ ಮುಂದ ಇರ್ಲಿ ಅಂತ ಮುಂದ ಬಿಟ್ಟಿದ್ವಿ.”

ಸುಧಾರಾಣಿಯವರಿಗೆ ಸಮಾಧಾನವಾಯಿತು. ಪಿಕಪ್ ಸಂಪೂರ್ಣ ನಾಶವಾಗಿದೆ ಎಂಬ ಪ್ರಮಾಣಪತ್ರಕ್ಕೆ ಅಲ್ಲೇ ಸಹಿ ಹಾಕಿದರು. ಆದರೆ ಅಂಗಳ ಚಿಕ್ಕದು. ಪಿಕಪ್ ಕ್ರೇನನ್ನು ಒಳಗೆ ಎಳೆದು ನಿಲ್ಲಿಸಿದ ಮೇಲೆ ನಾಶವಾದದ್ದನ್ನು ಇಡಲು ಜಾಗವೇ ಉಳಿಯಲಿಲ್ಲ.

“ಪಟ್ಟಿಯೊಳಗ ನನ್ನೂ ಬರದೀರಿ,” ಎಂದಳು ರಾಚವ್ವ. “ನನ್ನ ಹೊಲದಾಗ ಜಾಗಾ ಐತ್ರಿ.”

ಮುಂದಿನ ಆದೇಶದವರೆಗೆ ಪಟ್ಟಿಯ ಮೂರೂ ಬಾಬತ್ತುಗಳನ್ನು ರಾಚವ್ವನ ಹೊಲದಲ್ಲಿ ಸಂಗ್ರಹಿಸತಕ್ಕದ್ದು ಎಂದು ಆದೇಶವಾಯಿತು. ಮಧ್ಯಾಹ್ನ ರಾಶಿ ಶುರುವಾಯಿತು. ಕೊನೆಯ ಚೀಲದ ಮೇಲೆ ತಾಡಪತ್ರಿ ಎಳೆಯುವಾಗ ಹನಿ ಬಿದ್ದವು. ರಾಚವ್ವ ಪಿಕಪ್ಪಿನ ಬಿಸಿ ಬಾನೆಟ್ ಮೇಲೆ ಬಿದ್ದ ಹನಿಗಳನ್ನು ಸೆರಗಿನಿಂದ ಒರೆಸಿದಳು.

ಮುಂದಿನ ಆದೇಶ ಇನ್ನೂ ಬಂದಿಲ್ಲ. ಗಾಂಧಿ ಚೌಕದಲ್ಲಿ ಒಮ್ಮೆ ಟ್ರಾಫಿಕ್ ಪೊಲೀಸರೊಬ್ಬರು ಯಲ್ಲಾಲಿಂಗನ ಕಾಗದ ಕೇಳಿದರು. ನಾಶ ಪ್ರಮಾಣಪತ್ರವನ್ನು ಎರಡು ಸಲ ಓದಿ ವಾಪಸು ಕೊಟ್ಟರು. “ಇಲ್ಲದ ಗಾಡಿ ತಡಿಯಾಕ ನಮಗ ಅಧಿಕಾರ ಇಲ್ಲ. ಸಾವಕಾಶ ಹೋಗ್ರಿ.”

ಸುದ್ದಿ ಹಬ್ಬಿ, ಪಿಕಪ್ ಮಾಲೀಕರು ಕೋಶದ ಮುಂದೆ ಸಾಲು ಹಚ್ಚಿದರು. ನಾಶಪಡಿಸಬೇಕಾದ ವಾಹನವನ್ನು ಮಾಲೀಕರೇ ಓಡಿಸಿಕೊಂಡು ಬಂದು, ಸಹಿ ಪಡೆದು, ಊಟದ ಸಮಯದೊಳಗೆ ಓಡಿಸಿಕೊಂಡು ಹೋಗತಕ್ಕದ್ದು ಎಂದು ನಂದಕಿಶೋರ ಫಲಕ ಹಾಕಿಸಿದರು. ಕೋಶದ ಈ ವರ್ಷದ ಗುರಿ ಅವಧಿಗೆ ಮುನ್ನವೇ ಮುಗಿದಿದೆ. ತಿಕೋಟಾ, ಬಬಲೇಶ್ವರ ಭಾಗದಲ್ಲಿ ಹಳೆಯ ಪಿಕಪ್ ಒಂದೂ ಉಳಿದಿಲ್ಲ. ಅವೆಲ್ಲ ಈಗ ದ್ರಾಕ್ಷಿ ಸಾಗಿಸುತ್ತಿವೆ.