ಹದಿನೆಂಟು ಸಾವಿರವೆಂದ ಯಂತ್ರಕ್ಕೆ ಒಂದು ಅರಿಕೆ

ಮಾನ್ಯ ರಕ್ತಕಣ ಎಣಿಸುವ ಯಂತ್ರದವರೇ,

ಆಸ್ಪತ್ರೆಯ ನೆಲಮಹಡಿಯಲ್ಲಿ ನಾವೆಲ್ಲ ಬೆವರೊರೆಸಿಕೊಂಡು ನಿಂತಿರುವಾಗ ಏಸಿಯ ಎದುರಿನ ಮೇಜನ್ನೇ ಅಲಂಕರಿಸಿರುವ ತಮಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಸಾವಿರ ನಮಸ್ಕಾರಗಳು. ಕಡಿಮೆಯೆನಿಸಿದರೆ ತಾವೇ ಎಣಿಸಿಕೊಳ್ಳಬಹುದು.

ಶಾಲಾ ವ್ಯಾನು ಓಡಿಸುವ ನಮ್ಮ ಯಜಮಾನರು ಡೆಂಗಿಯಿಂದ ಮಲಗಿ ಐದನೆಯ ದಿನ, ಜ್ವರ ಇಳಿಯಿತೆಂದು ನಾವು ಉಸಿರು ಬಿಡುವಷ್ಟರಲ್ಲಿ, ಒಂದೂವರೆ ಲಕ್ಷವಾದರೂ ಇರಬೇಕಾದ ಪ್ಲೇಟ್‌ಲೆಟ್ ಬರೀ ಹದಿನೆಂಟು ಸಾವಿರವೆಂದು ತಾವು ಮುದ್ರಿಸಿ ಕೊಟ್ಟಿರಿ. ಅತ್ತೆಯವರು ಕಾರಿಡಾರಿನಲ್ಲೇ ಕುಸಿದು ಕುಳಿತರು. ಭಾವನವರು ಹದಿನಾಲ್ಕು ನೆಂಟರಿಗೆ ಫೋನ್ ಮಾಡಿ "ರಕ್ತ ಕೊಡಕ್ಕೆ ಹೊರಟು ಬನ್ನಿ" ಎಂದರು. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಯಜಮಾನರ ಚಿಕ್ಕಪ್ಪ ಎಲ್ಲರಿಗಿಂತ ಮೊದಲು ಅಂಗಿಯ ತೋಳು ಮಡಚಿ ಬಂದು ನಿಂತರು. ಮುರಿದ ಸಂಬಂಧ ಬೆಸೆದ ಪುಣ್ಯ ತಮ್ಮದೇ.

ಆದರೆ ಲ್ಯಾಬಿನ ಟೆಕ್ನೀಷಿಯನ್ ಅಕ್ಕ ದೊಡ್ಡವರ ಮಾತನ್ನು ಸುಮ್ಮನೆ ನಂಬುವವರಲ್ಲ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿ, "ಅಯ್ಯೋ, ಇವೆಲ್ಲ ಗುಂಪು ಕಟ್ಕೊಂಡು ಕೂತಿವೆ ಕಣಮ್ಮ, ಮಿಷನ್ನಿಗೆ ಲೆಕ್ಕ ಸಿಕ್ಕಿಲ್ಲ" ಎಂದರು. ಗುಂಪು ಕಟ್ಟಲು ಬಿಡದ ಬೇರೆ ಬಗೆಯ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ಎಣಿಸಿದರೆ ಎಪ್ಪತ್ತೊಂದು ಸಾವಿರ! ಜನ ಒತ್ತಾಗಿ ನಿಂತರೆ ಅಲ್ಲಿ ಯಾರೂ ಇಲ್ಲವೆನ್ನುವ ತಮ್ಮ ದಿವ್ಯದೃಷ್ಟಿಗೆ ಶರಣು.

ಅದನ್ನು ಹೊಟ್ಟೆಗೆ ಹಾಕಿಕೊಂಡೆ. ನನ್ನ ಸಂಕಟ ಬೇರೆ. ಅದೇ ಹಾಳೆಯಲ್ಲಿ ತಾವು ಸರಿಯಾಗಿಯೇ ಬರೆದಿದ್ದ ಇನ್ನೊಂದು ಸಾಲಿತ್ತು: ರಕ್ತ ಎಷ್ಟು ಗಟ್ಟಿಯಾಗಿದೆಯೆಂದು ಹೇಳುವ ಪಿಸಿವಿ ಎರಡೇ ದಿನದಲ್ಲಿ ಮೂವತ್ತೊಂಬತ್ತರಿಂದ ನಲವತ್ತೆಂಟಕ್ಕೆ ಏರಿತ್ತು. ನಮ್ಮಲ್ಲಿ ಒಬ್ಬರೂ ಅತ್ತ ಕಣ್ಣು ಹಾಯಿಸಲಿಲ್ಲ. ಡಾಕ್ಟರಮ್ಮ ಅದನ್ನೇ ನೋಡಿ, "ಬೆಳಗ್ಗೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋದ್ರಿ?" ಎಂದಾಗ, ನಾಚಿ ನೀರಾಗಲು ಮೈಯಲ್ಲಿ ನೀರೇ ಉಳಿದಿರದ ಯಜಮಾನರು "ಒಂದೇ ಸಲ, ಅದೂ ಚೂರು" ಎಂದು ಗೊಣಗಿದರು. ಪರೀಕ್ಷೆಗೆ ಕೊಟ್ಟ ಆ ಚೂರಿನಲ್ಲಿ ಇರಬಾರದ ಪ್ರೋಟೀನೂ ಇತ್ತು. ರಕ್ತನಾಳಗಳಿಂದ ನೀರಂಶ ಸೋರುತ್ತಿದೆ, ಜ್ವರ ಇಳಿದ ಹೊತ್ತೇ ಅಪಾಯದ ಹೊತ್ತು ಎಂದು ಅವರು ಕೂಡಲೇ ಡ್ರಿಪ್ ಹಾಕಿಸಿದರು.

ಬಟ್ಟೆಯಲ್ಲಿ ಅರ್ಧ ಇಂಚು ತಪ್ಪಿದರೆ ಬಿಚ್ಚಿ ಹೊಲಿಯಬಹುದು. ಎರಡು ದಿನ ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗು ಹಿಡಿದು ಗಂಡನ ಮೂತ್ರ ಅಳೆಯುವಾಗ ಮಾತ್ರ ಒಂದೊಂದು ಗೆರೆಯನ್ನೂ ಮೂರು ಮೂರು ಸಲ ನೋಡುತ್ತಿದ್ದೆ. ಮೂರನೆಯ ದಿನ ಬೆಳಗ್ಗೆ ಜಗ್ಗು ತುಂಬಿದಾಗ ಭಾವನವರು "ಭರ್ತಿ ಆಯ್ತು!" ಎಂದು ಕೂಗಿದ್ದಕ್ಕೆ ಪಕ್ಕದ ಹಾಸಿಗೆಯವರೂ ಚಪ್ಪಾಳೆ ತಟ್ಟಿದರು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಆದ್ದರಿಂದ ತಾವು ಇನ್ನು ಮುಂದೆ ಪ್ಲೇಟ್‌ಲೆಟ್ ಸಂಖ್ಯೆ ಮುದ್ರಿಸುವ ಮುನ್ನ ಒಮ್ಮೆ ಗಂಟಲು ಸರಿಮಾಡಿಕೊಳ್ಳಬೇಕಾಗಿಯೂ, ಪಿಸಿವಿ ಏರಿದಾಗ ಕಾಗದದಿಂದ ಕೈಚಾಚಿ ನಮ್ಮ ಕಿವಿ ಹಿಂಡಬೇಕಾಗಿಯೂ ವಿನಯದಿಂದ ಬೇಡುತ್ತೇನೆ.

ತಮ್ಮ ಎಣಿಕೆಗೆ ಸಿಗದಿದ್ದರೂ ತಮ್ಮ ವಿಶ್ವಾಸಿ,
ವ್ಯಾನಿನವರ ಹೆಂಡತಿ

ವಿ.ಸೂ.: ಡೆಂಗಿಯಿಂದ ಏರಿದ್ದ ಯಜಮಾನರ ಲಿವರಿನ ಅಂಕಿ ಇನ್ನೂ ಸ್ವಲ್ಪ ಹೆಚ್ಚಿದೆಯಂತೆ, ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆಗೆ ರಕ್ತ ಕೊಡಲು ಬರುತ್ತೇವೆ. ಆ ದಿನ ಟೆಕ್ನೀಷಿಯನ್ ಅಕ್ಕ ರಜೆಯಲ್ಲಿದ್ದರೆ, ದಯವಿಟ್ಟು ತಾವೂ ಕೆಟ್ಟು ನಿಂತುಬಿಡಿ.