ನನ್ನ ತಮ್ಮ ಸ್ವರ ತಗ್ಗಿಸಲು ಹೊರಟದ್ದು

ಊರಿನವರು ಏನೇ ಹೇಳಲಿ, ನನ್ನ ತಮ್ಮನಿಗೆ ಕಂಪ್ಯೂಟರಿನಿಂದ ಹುಚ್ಚು ಹಿಡಿದದ್ದಲ್ಲ. ಹುಚ್ಚು ಅವನಿಗೆ ಹುಟ್ಟುವಾಗಲೇ ಇತ್ತು. ಕಂಪ್ಯೂಟರಿನ ಎದುರು ಅವನು ಸೋತ, ಅಷ್ಟೆ.

ಮಣಿಪಾಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದವನು. ಮಕ್ಕಳು ಒಂದು ಕೇಳಿದರೆ ಇನ್ನೊಂದು ಹೇಳುವಷ್ಟು ಕಿವಿ ಮಂದವಾದಾಗ ಕೆಲಸ ಬಿಟ್ಟು ಕಾಪುವಿನ ನನ್ನ ಮನೆಗೆ ಬಂದ. ಮದುವೆಯಾಗದವನು ಇನ್ನೆಲ್ಲಿಗೆ ಹೋಗುತ್ತಾನೆ? ಅವನ ಕಿವಿಯ ರೋಗವೂ ಅವನ ಹಾಗೆಯೇ ವಿಚಿತ್ರ. ಲಾರಿ ಕೇಳುತ್ತದೆ, ಕುಕ್ಕರಿನ ಸೀಟಿ ಇಲ್ಲ. ಭಾನುವಾರ ಕಾರ್ಕಳದಿಂದ ಬರುವ ನನ್ನ ಮೊಮ್ಮಗಳ ಸೂಜಿಯಂಥ ಸಪೂರ ಸ್ವರ ಇಲ್ಲವೇ ಇಲ್ಲ. ಅವಳು ಬಾಯಿ ಆಡಿಸಿದ್ದಕ್ಕೆಲ್ಲ ಇವನು ತಲೆ ಆಡಿಸುವುದು. ಒಮ್ಮೆ ಅವಳು, "ಅಜ್ಜಾ, ನಿಮ್ಮ ಕಂಪ್ಯೂಟರ್ ಬಾವಿಗೆ ಹಾಕಲಾ?" ಎಂದು ಕೇಳಿದಳು.

"ಆಗಲಿ ಮಗಾ, ನಿಧಾನಕ್ಕೆ ಮಾಡು," ಎಂದ.

ಅವಳು ಕೇಳಿದ್ದು ಏನೆಂದು ನಾನು ಹೇಳಿದ ಮೇಲೆ ಶುರುವಾಯಿತು ಈ ಪ್ರಾರಬ್ಧ. ದೇಶ ದೇಶದ ಜನ ಸೇರಿ ಬರೆದು, ಯಾರು ಬೇಕಾದರೂ ತಿದ್ದಿಕೊಳ್ಳಿ ಎಂದು ಪುಕ್ಕಟೆ ಬಿಟ್ಟ ಶಬ್ದದ ಪ್ರೋಗ್ರಾಮು ಒಂದು ಉಂಟಂತೆ. ಸಪೂರ ಸ್ವರವನ್ನು ದಪ್ಪ ಮಾಡುವ ತುಂಡೊಂದನ್ನು ಇವನು ಅದಕ್ಕೆ ಸೇರಿಸಿದ. ಕಿವಿ ಪೂರ್ತಿ ಹೋಗುವ ಮೊದಲು ಮಗುವಿನ ಮಾತು ಕೇಳಬೇಕು, ಅದೇ ಅವನ ಹಟ. ಮೊದಲ ದಿನ ಕುಕ್ಕರಿನ ಸೀಟಿ ಕೋಣದ ಕೂಗಾಗಿ ಹೊರಬಂತು. ಮರುದಿನದಿಂದ ಪ್ರೋಗ್ರಾಮು ನಡುವೆಯೇ ನಿಂತು ಸಾಯತೊಡಗಿತು.

"ಎಂತ ಆಯ್ತು ಮಾರಾಯ ಅದಕ್ಕೆ?"

"ಮೆಮೊರಿ ಹಾಳಾಗ್ತಾ ಉಂಟು ಅಕ್ಕ. ಒಂದು ಡಬ್ಬಿಗೆ ಹೆಚ್ಚು ಸುರಿದರೆ ಪಕ್ಕದ ಡಬ್ಬಿಗೆ ಬೀಳುವುದಿಲ್ವಾ, ಹಾಗೆ. ಸಾಯುವುದು ಪಕ್ಕದವನು."

"ಸುರಿದವನನ್ನು ಹಿಡಿ."

"ಅವನು ಆಗಲೇ ಕೆಲಸ ಮುಗಿಸಿ ಹೋಗಿರ್ತಾನೆ."

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇಷ್ಟು ಅರ್ಥವಾದದ್ದೇ ಹೆಚ್ಚು. ಎಲ್ಲಿ ಸಾಯುತ್ತದೆ ಎಂದು ನೋಡಲು ಅವನು ನಡುನಡುವೆ ಕಾವಲಿನ ಸಾಲುಗಳನ್ನು ಬರೆದ. ಕಾವಲು ಇದ್ದರೆ ಸಾಯುವುದಿಲ್ಲ, ತೆಗೆದರೆ ಸಾಯುತ್ತದೆ! "ಹಾಗಾದರೆ ಕಾವಲು ಇರಲಿ," ಎಂದೆ. ಅದು ರಿಪೇರಿ ಅಲ್ಲ, ನಾಚಿಕೆಗೇಡು ಎಂದು ನನ್ನೊಡನೆ ಮಾತು ಬಿಟ್ಟ. ಕೊನೆಗೆ ನಾಚಿಕೆ ಬಿಟ್ಟು ಕಾವಲು ಇಟ್ಟೇ ನಡೆಸಿದ. ಆಗ ಕಾವಲಿನ ಸಮೇತ ಸತ್ತಿತು.

ಉಡುಪಿಯ ಸೈಬರ್ ಕೆಫೆಗೆ ಹೋಗಿ, ಪ್ರೋಗ್ರಾಮು ಬರೆದ ಆ ಪರದೇಶದವರಿಗೆ ಬರೆದ. "ನಮ್ಮಲ್ಲಿ ಸಾಯುವುದಿಲ್ಲವಲ್ಲ" ಎಂದು ಉತ್ತರ ಬಂತು. ಜ್ವರ ಬಂದವನ ಹತ್ತಿರ ನಮಗೆ ಜ್ವರ ಇಲ್ಲ ಎಂದ ಹಾಗೆ. ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು. ಅವನಿಗೆ ಗಡ್ಡ ಬೆಳೆಯಿತು. ದಿನಾ ಗಂಜಿ ತಣಿಯಿತು. ಕಿವಿ ಇನ್ನಷ್ಟು ಹೋಯಿತು.

ಆಮೇಲೊಂದು ಭಾನುವಾರ ಮಗುವನ್ನು ಮೈಕಿನ ಎದುರು ಕೂರಿಸಿದ. ಒಳಗೆ ಮೀನು ಹುರಿಯುತ್ತಿದ್ದ ನನಗೆ ಅವಳ ಕೈ ಆಡುವುದು ಕಂಡಿತು, ಮಾತು ಕೇಳಲಿಲ್ಲ. ಅವಳು ಹೇಳಿ ಮುಗಿಸಿದ್ದೇ ಪ್ರೋಗ್ರಾಮು ಸತ್ತಿತು. ಮಾತೂ ಅದರೊಟ್ಟಿಗೆ ಹೋಯಿತು. ಮಗುವನ್ನು ಅವಳಪ್ಪ ಕರೆದುಕೊಂಡು ಹೋದ ಮೇಲೆ ತಮ್ಮ ಕಂಪ್ಯೂಟರಿನ ಮೇಲೆ ಮೈ ಒರೆಸುವ ಹಳೆಯ ಬೈರಾಸು ಮುಚ್ಚಿದ.

"ಇನ್ನು ಆಗುವುದಿಲ್ಲ ಅಕ್ಕ," ಎಂದ. ಬೈರಾಸಿನ ಮೂಲೆ ಎಳೆದು ಸರಿ ಮಾಡಿ, "ಅವಳು ಎಂತ ಹೇಳಿದ್ದು?"

ನನಗೆಲ್ಲಿ ಗೊತ್ತು?

ಮರುದಿನ ಬೆಳಿಗ್ಗೆ ಎದ್ದವಳೇ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋಗಿ, ಮಗುವಿನ ಬಾಯಿಂದಲೇ ಕೇಳಿಕೊಂಡು ಬಂದೆ. ಅವನ ಎದುರು ಕುಳಿತು, ಗಂಡಸಿನಂಥ ನನ್ನ ಈ ದಪ್ಪ ಸ್ವರದಲ್ಲಿ, ಅವಳು ಹೇಳಿದ ಹಾಗೆಯೇ ಹೇಳಿದೆ:

"ಅಜ್ಜಾ, ನಮ್ಮ ಬೆಕ್ಕು ಮರಿ ಹಾಕಿದೆ. ಕಪ್ಪು ಮರಿಗೆ ನಿಮ್ಮ ಹೆಸರು ಇಟ್ಟಿದ್ದೇನೆ. ಕರೆದರೆ ಅದೂ ತಿರುಗುವುದಿಲ್ಲ."